ಈ ಬ್ಯಾಗ್ ಎಲ್ಲಿ ತಗೊಂಡ್ರಿ?

ಕೊಡಚಾದ್ರಿ ಹತ್ತುವಾಗ ಕೇಳಿದ್ದಾರೆ, ಕವಲೇದುರ್ಗದ ಕಲ್ಲುಹಾಸಿನ ಮೇಲೆ ಕೇಳಿದ್ದಾರೆ, ಒಮ್ಮೆ ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲೂ ಕೇಳಿದ್ದಾರೆ. "ಈ ಬ್ಯಾಗ್ ಎಲ್ಲಿ ತಗೊಂಡ್ರಿ?" ಶಿವಮೊಗ್ಗದಲ್ಲೇ ಹೊಲಿಸಿದ್ದು ಅಂದ ತಕ್ಷಣ ಉಳಿದ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಯಾರ ಹತ್ರ? ಎಷ್ಟಾಯ್ತು? ಅಂಗಡೀಲಿ ಸಿಗೋದನ್ನ ಬಿಟ್ಟು ಹೊಲಿಸೋದು ಯಾಕೆ? ದಾರಿಯಲ್ಲಿ ನಿಂತು ಪೂರ್ತಿ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾಕೆ ಅನ್ನೋದು. ನನ್ನ ಎತ್ತರ ಐದಡಿ ಒಂದಿಂಚು. ಬೆನ್ನು ಅದಕ್ಕೂ ಗಿಡ್ಡ. ಬೆನ್ನಿಗೆ ಹಾಕುವ ಬ್ಯಾಗಿಗೆ ಬೇಕಾಗಿದ್ದು ಮನುಷ್ಯರ ಎತ್ತರ ಅಲ್ಲ, ಬೆನ್ನಿನ ಉದ್ದ. ತಲೆ ಬಗ್ಗಿಸಿದರೆ ಕತ್ತಿನ ಹಿಂದೆ ಒಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅಲ್ಲಿಂದ ಶುರು. ಸೊಂಟದ ಮೂಳೆ ಮೇಲೆ ಎರಡೂ ಕೈ ಇಟ್ಟು ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ ಎರಡೂ ಬೆರಳು ಬೆನ್ನುಮೂಳೆ ಮೇಲೆ ಎದುರುಬದುರಾಗುತ್ತವಲ್ಲ, ಅಲ್ಲಿಗೆ ಮುಗಿಯಿತು. ಈ ಎರಡರ ನಡುವೆ ಟೇಪನ್ನು ಬೆನ್ನಿಗೆ ಅಂಟಿಸಿ ಹಿಡಿದು ಅಳೆಯಬೇಕು. ಒಬ್ಬರೇ ಮಾಡೋಕೆ ಬರಲ್ಲ, ಮನೆಯವರು ಯಾರಾದರೂ ಬೇಕು. ನನ್ನದು 15½ ಇಂಚು. ನಾಲ್ಕು ವರ್ಷ ನಾನು ಹೊತ್ತು ತಿರುಗಿದ ರೆಡಿಮೇಡ್ ಬ್ಯಾಗಿನದು 18½ ಇಂಚು.

ಮೂರು ಇಂಚಿನಲ್ಲಿ ಏನಾಗುತ್ತೆ ಅಂತ ಕೇಳಬಹುದು. ಸೊಂಟದ ಪಟ್ಟಿ ಸೊಂಟದ ಮೂಳೆ ಮೇಲೆ ಕೂರುವುದೇ ಇಲ್ಲ. ಕೆಳಗೆ ಜಾರಿ ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುತ್ತದೆ. ಭಾರವೆಲ್ಲ ಹೆಗಲಿಗೆ ಬರುತ್ತದೆ, ಸಂಜೆ ಹೊತ್ತಿಗೆ ಕೈ ಎತ್ತಿ ಕೂದಲು ಕಟ್ಟೋದೂ ಕಷ್ಟ. ಮೇಲಿಂದ ಆ ಬ್ಯಾಗು ಖಾಲಿ ಇದ್ದಾಗಲೇ 2 ಕೆಜಿ 100 ಗ್ರಾಂ ತೂಗುತ್ತಿತ್ತು. ಒಳಗೆ ಒಂದು ಬನಿಯನ್ ಕೂಡ ಹಾಕದೆ!

ನಮ್ಮ ಅಜ್ಜಿ ಸೊಪ್ಪಿನಬೆಟ್ಟದಿಂದ ಹೊರೆ ತರುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ತಲೆ ಮೇಲೆ ಬಟ್ಟೆಯ ಸಿಂಬೆ, ಅದರ ಮೇಲೆ ಅವರಿಗಿಂತ ಅಗಲದ ಹೊರೆ. ಕತ್ತು ಅಲ್ಲಾಡುತ್ತಿರಲಿಲ್ಲ, ನಡಿಗೆ ಮಾತ್ರ ಸರಸರ. "ಹೊರೆ ನೆಟ್ಟಗೆ ಕೂತ್ರೆ ಅರ್ಧ ಭಾರ ಇಳೀತದೆ ಮಗಾ" ಅನ್ನುತ್ತಿದ್ದರು. ಬೆನ್ನುಮೂಳೆಗೆ ನೇರವಾಗಿ ಭಾರ ಕೂತರೆ ಮೈ ಅದನ್ನು ತಡೆಯುತ್ತದೆ, ಹಿಂದಕ್ಕೆ ಜೋತುಬಿದ್ದರೆ ಎಳೆಯುತ್ತದೆ. ಬ್ಯಾಗಿಗೂ ಇದೇ ಲೆಕ್ಕ. ನನ್ನ ಉತ್ತರದ ತಿರುಳೂ ಇಷ್ಟೇ: ಹಗುರ ಅನ್ನೋದು ಬಟ್ಟೆಯಲ್ಲಿ ಇರುವುದಕ್ಕಿಂತ ಜಾಸ್ತಿ ಅಳತೆಯಲ್ಲಿದೆ. ಜನ ಬಟ್ಟೆಯಿಂದ ಶುರುಮಾಡುತ್ತಾರೆ. ಶುರುಮಾಡಬೇಕಾಗಿದ್ದು ಬೆನ್ನಿನಿಂದ, ಮತ್ತೆ ಒಳಗೆ ಹಾಕುವ ಸಾಮಾನಿನಿಂದ.

ಸಾಮಾನಿನ ವಿಷಯ ಹೇಳಿಬಿಡುತ್ತೇನೆ. ಬ್ಯಾಗ್ ಹೊಲಿಸುವ ಮೊದಲು ನಾನು ಅಡುಗೆಮನೆ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ ಬರೆದುಕೊಂಡೆ. ಸ್ಲೀಪಿಂಗ್ ಬ್ಯಾಗ್ 850 ಗ್ರಾಂ, ಮ್ಯಾಟ್ 400, ಸ್ವೆಟರ್ 340, ಮಳೆ ಕೋಟು 280, ಹೀಗೆ. ನಮ್ಮ ಕಡೆ ಎರಡು ದಿನದ ನಡಿಗೆಯಲ್ಲಿ ರಾತ್ರಿ ಯಾರದ್ದಾದರೂ ಮನೆಯಲ್ಲೋ ಹೋಮ್‌ಸ್ಟೇಯಲ್ಲೋ ಉಳಿಯುತ್ತೇವೆ, ಟೆಂಟು ಬೇಕಾಗುವುದಿಲ್ಲ. ಬೇಡದ್ದನ್ನು ತೆಗೆಯುತ್ತಾ ಹೋದ ಮೇಲೆ ನೀರು, ಊಟ ಬಿಟ್ಟು ಉಳಿದಿದ್ದು 2 ಕೆಜಿ 800 ಗ್ರಾಂ. ಮೊದಲು ಇದು 5 ಕೆಜಿ ದಾಟುತ್ತಿತ್ತು. ಅಷ್ಟನ್ನೂ ಒಂದು ರಟ್ಟಿನ ಡಬ್ಬದಲ್ಲಿ ಒತ್ತಿ ತುಂಬಿದೆ. ಡಬ್ಬದ ಉದ್ದ 35 ಸೆಂ.ಮೀ., ಅಗಲ 28, ಎತ್ತರ 30. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 29 ಲೀಟರ್ ಚಿಲ್ಲರೆ ಬಂತು. ಬುತ್ತಿಗೆ ಇನ್ನೊಂದು ಏಳೆಂಟು ಲೀಟರ್ ಸೇರಿಸಿದರೆ ಸಾಕು. ನೀರಿನ ಬಾಟಲಿ ಹೇಗೂ ಹೊರಗಿನ ಜೇಬಿನಲ್ಲಿ. 60 ಲೀಟರ್ ಬ್ಯಾಗ್ ಇದ್ದರೆ 60 ಲೀಟರ್ ತುಂಬುವ ತನಕ ಕೈ ಸುಮ್ನೆ ಇರಲ್ಲ, ಅದು ನನ್ನ ಅನುಭವ.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಎಮ್ಮಾ ಗೇಟ್‌ವುಡ್. ಅಮೆರಿಕದ ಹಳ್ಳಿಯ ಹೆಣ್ಣುಮಗಳು, ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಅವರ ಬ್ಯಾಗ್ ಯಾವುದು ಗೊತ್ತಾ? ಡೆನಿಮ್ ಬಟ್ಟೆಯಲ್ಲಿ ತಾವೇ ಹೊಲಿದುಕೊಂಡ ಒಂದು ಚೀಲ. ಅದನ್ನು ಒಂದು ಹೆಗಲಿಗೆ ಹಾಕಿಕೊಂಡು ನಡೆದರು. ಒಳಗೆ ಒಂದು ಕಂಬಳಿ, ಮಳೆ ಕೋಟು, ಹೊದೆಯೋಕೆ ಒಂದು ಪ್ಲಾಸ್ಟಿಕ್ ಪರದೆ, ಹೀಗೆ ಕೆಲವೇ ಸಾಮಾನು. ಇದನ್ನು ಓದಿದ ದಿನ ನನಗೆ ಧೈರ್ಯ ಬಂತು. ಹೊಲಿಸಿದ ಚೀಲದಲ್ಲಿ ಬೆಟ್ಟ ಹತ್ತಬಹುದು.

ಆದರೆ ನನ್ನ ಮೊದಲ ಚೀಲ ಕೈಕೊಟ್ಟಿತು. ಅದನ್ನೂ ಹೇಳದಿದ್ದರೆ ಉತ್ತರ ಅರ್ಧ ಆಗುತ್ತದೆ. ಬ್ಯಾಗ್ ಹೊಲಿಯುವ ಒಬ್ಬರ ಹತ್ತಿರ ಒಂದು ಚಿತ್ರ ತೋರಿಸಿ, ಹೀಗೇ ಬೇಕು ಅಂತ ಹೊಲಿಸಿದ್ದೆ. ನೋಡೋಕೆ ಹಾಗೇ ಇತ್ತು. ಕೊಡಚಾದ್ರಿಯಿಂದ ಹಿಡ್ಲುಮನೆ ಜಲಪಾತದ ಕಡೆ ಇಳಿಯುವಾಗ, ಒಂದು ಬಂಡೆಯಿಂದ ಕಾಲು ಇಳಿಬಿಟ್ಟು ಕೆಳಗೆ ಜಾರಿದೆ ನೋಡಿ, ಬಲಗಡೆ ಹೆಗಲಪಟ್ಟಿ ಬುಡದಿಂದ ಕಿತ್ತು ಬಂತು. ಬಟ್ಟೆಗೆ ಏನೂ ಆಗಿರಲಿಲ್ಲ. ಪಟ್ಟಿಯೂ ಗಟ್ಟಿ. ನಡುವಿನ ಹೊಲಿಗೆ ಬಿಟ್ಟುಹೋಗಿತ್ತು. ಒಂದೇ ಸಾಲು ಹೊಲಿಗೆ, ಅದೂ ಬ್ಲೌಸಿಗೆ ಹಾಕುವಂಥ ಹತ್ತಿ ದಾರ. ಟವೆಲ್ಲಿನಿಂದ ಕಟ್ಟಿಕೊಂಡು ಉಳಿದ ದಾರಿ ಇಳಿದೆ. ಕಾಲಿಗೆ ಉಂಬಳ ಹತ್ತುತ್ತಿದ್ದರೂ ನಿಂತು ಕೀಳುವ ಹಾಗಿರಲಿಲ್ಲ, ಒಂದು ಕೈ ಬ್ಯಾಗಿನ ಮೇಲೇ ಇತ್ತು.

ಆಮೇಲೆ ಸಿಕ್ಕಿದ್ದು ಈ ಅಣ್ಣ. ಬಿ.ಎಚ್. ರೋಡಿನಿಂದ ಒಳಗೆ ಹೋಗುವ ಒಂದು ಓಣಿಯಲ್ಲಿ ಕಾರು, ಬೈಕಿನ ಸೀಟಿಗೆ ಕುಶನ್ ಹಾಕುವ ಅಂಗಡಿ. ಒಬ್ಬರೇ ಇರುವುದು, ಹೆಸರು ಹಾಕಬೇಡಿ ಅಂದಿದ್ದಾರೆ. ನೀವು ನಿಮ್ಮ ಊರಲ್ಲಿ ಹುಡುಕುವುದಾದರೂ ಕುಶನ್ ಅಂಗಡಿಯಿಂದಲೇ ಶುರುಮಾಡಿ. ದಪ್ಪ ರೆಕ್ಸಿನ್, ಫೋಮು, ಪಟ್ಟಿ ಎಲ್ಲ ಒಟ್ಟಿಗೆ ಇಟ್ಟು ಎಳೆಯುವ ಮಷಿನ್ ಅವರ ಹತ್ತಿರ ಇರುತ್ತದೆ. ಅದಕ್ಕಿಂತ ಮುಖ್ಯ, ಮನುಷ್ಯ ದಿನಾ ಕೂತು ಏಳುವ ಜಾಗದ ಹೊಲಿಗೆ ಎಲ್ಲಿ ಬಿಡುತ್ತದೆ ಅಂತ ಅವರಿಗೆ ಗೊತ್ತು. ಹರಿದ ಬ್ಯಾಗನ್ನು ಅವರ ಮುಂದಿಟ್ಟೆ. ಒಳಗಡೆ ತಿರುಗಿಸಿ, ಹೊಲಿಗೆ ಬಿಟ್ಟ ಜಾಗದಲ್ಲಿ ಉಗುರಿನಿಂದ ದಾರ ಎಳೆದು ನೋಡಿ, "ಬಟ್ಟೆ ಹರಿಯಲ್ಲ ಅಕ್ಕ, ಹೊಲಿಗೆ ಹರಿಯೋದು" ಅಂದರು. ಅಲ್ಲೇ ನನಗೆ ಸಮಾಧಾನ ಆಯಿತು.

ಬಟ್ಟೆ ನಾನೇ ತಂದೆ, ಆನ್‌ಲೈನಿನಲ್ಲಿ ತರಿಸಿದ್ದು. 210 ಡೆನಿಯರ್ ರಿಪ್‌ಸ್ಟಾಪ್ ನೈಲಾನ್. ಡೆನಿಯರ್ ಅಂದರೆ 9000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಅಂಕಿ ಜಾಸ್ತಿ ಆದ ಹಾಗೆ ನೂಲು ದಪ್ಪ, ಬಟ್ಟೆ ಭಾರ. ರಿಪ್‌ಸ್ಟಾಪ್ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚೌಕ ಕಾಣುತ್ತವೆ. ಆ ಗೆರೆಗಳಲ್ಲಿ ನೂಲು ದಪ್ಪ ಇರುತ್ತದೆ. ಮುಳ್ಳು ತಾಗಿ ಹರಿದರೂ ಹರಕು ಮುಂದಿನ ಗೆರೆಗೆ ಬಂದು ನಿಲ್ಲುತ್ತದೆ. ಹೊರದೇಶದಲ್ಲಿ ಇದಕ್ಕಿಂತ ಹಗುರ ಬಟ್ಟೆಗಳಿವೆ, ಡೈನೀಮಾ ಅಂತ ಒಂದಿದೆ. ಎಲ್ಲರೂ ಅದನ್ನೇ ಕೇಳುತ್ತಾರೆ. ಬೆಲೆ ಬಹಳ ಜಾಸ್ತಿ, ಮತ್ತೆ ನನ್ನ ಅಳತೆಯ ಬ್ಯಾಗಿನಲ್ಲಿ ಉಳಿಯುವುದು ನೂರು ಗ್ರಾಂ ಆಸುಪಾಸು. ಒಂದು ಕಿತ್ತಳೆ ಹಣ್ಣಿನ ತೂಕ. ನನಗೆ ಬೇಡ ಅನ್ನಿಸಿತು.

ಅಣ್ಣ ನೇರ ಬಟ್ಟೆಗೆ ಕತ್ತರಿ ಹಾಕಲಿಲ್ಲ. ಮೂಲೆಯಲ್ಲಿದ್ದ 25 ಕೆಜಿಯ ಅಕ್ಕಿ ಚೀಲ ಎಳೆದುಕೊಂಡು ಬಾಯಿ ಬಿಚ್ಚಿ, ಸುತ್ತಳತೆ 90 ಸೆಂ.ಮೀ. ಬರುವ ಹಾಗೆ ಮಡಚಿ ಹೊಲಿದು, ಹಳೇ ಸೀಟ್ ಬೆಲ್ಟಿನ ಎರಡು ತುಂಡನ್ನು ಹೆಗಲಿಗೆ ಸಿಕ್ಕಿಸಿ ಅರ್ಧ ಗಂಟೆಯಲ್ಲಿ ಒಂದು ಮಾದರಿ ಬ್ಯಾಗ್ ಮಾಡಿಕೊಟ್ಟರು. ಒಳಗೆ ನೀರಿನ ಬಾಟಲಿ, ಹಳೇ ಪೇಪರು ತುಂಬಿ ನನ್ನ ಬೆನ್ನಿಗೇರಿಸಿದರು. ಆ ಓಣಿಯಲ್ಲಿ ನಾಲ್ಕು ಸಲ ಓಡಾಡಿದೆ. ಹೆಗಲಪಟ್ಟಿ ಎರಡರ ನಡುವಿನ ಅಂತರ ಜಾಸ್ತಿಯಾಗಿ ಹೊರಕ್ಕೆ ಜಾರುತ್ತಿತ್ತು. ಒಂದು ಇಂಚು ಒಳಗೆ ತಂದರು. ಪಟ್ಟಿ ಎದೆಯ ಮೇಲೆ ಒತ್ತುತ್ತಿತ್ತು, ಸ್ವಲ್ಪ ಬಾಗಿಸಿ ಕತ್ತರಿಸಬೇಕು ಅಂತ ಗೊತ್ತಾಯಿತು. ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಹೇಳಬೇಕು, ನೇರ ಪಟ್ಟಿ ನಮಗೆ ಆಗಿಬರುವುದಿಲ್ಲ. ಈ ಅಕ್ಕಿ ಚೀಲದ ಮಾದರಿ ಇಲ್ಲದೆ ದಯವಿಟ್ಟು ಯಾರೂ ಬಟ್ಟೆ ಕತ್ತರಿಸೋಕೆ ಬಿಡಬೇಡಿ.

ಸುತ್ತಳತೆ 90, ಎತ್ತರ 58 ಸೆಂ.ಮೀ. ಇದ್ದರೆ ಸುಮಾರು 37 ಲೀಟರ್ ಹಿಡಿಯುತ್ತದೆ. ಬಾಯಿಗೆ ಜಿಪ್ ಇಲ್ಲ. ಮೇಲೆ 22 ಸೆಂ.ಮೀ. ಜಾಸ್ತಿ ಬಟ್ಟೆ ಬಿಟ್ಟು, ಅದನ್ನು ಸುರುಳಿ ಸುತ್ತಿ ಕ್ಲಿಪ್ ಹಾಕುವುದು. ಜಿಪ್ ಕೆಟ್ಟರೆ ಬ್ಯಾಗೇ ಹೋಯಿತು, ಸುರುಳಿ ಕೆಡುವುದಿಲ್ಲ, ಮಳೆಯೂ ಸುಲಭಕ್ಕೆ ಒಳಗೆ ಬರುವುದಿಲ್ಲ. ಒಳಗೆ ಕಬ್ಬಿಣದ ಪಟ್ಟಿ, ಫ್ರೇಮು ಏನೂ ಇಲ್ಲ. ಮಲಗುವ ಮ್ಯಾಟನ್ನೇ ಮಡಚಿ ಬೆನ್ನಿನ ಕಡೆ ಇಡುತ್ತೇನೆ, ಅದೇ ಬ್ಯಾಗನ್ನು ನೆಟ್ಟಗೆ ನಿಲ್ಲಿಸುತ್ತದೆ. 8 ಕೆಜಿ ತನಕ ಇದು ಆರಾಮ. 10 ಕೆಜಿ ಹೊರುವವರಿಗೆ ಇಂಥ ಬ್ಯಾಗ್ ಸರಿಹೋಗುವುದಿಲ್ಲ, ಅವರು ಫ್ರೇಮ್ ಇರುವುದನ್ನೇ ತಗೊಳ್ಳಲಿ.

ದಾರ ಪಾಲಿಯೆಸ್ಟರ್. ಹೆಗಲಪಟ್ಟಿ ಕೂರುವ ಜಾಗದಲ್ಲಿ ಒಳಗಡೆ ಇನ್ನೊಂದು ಪದರ ಬಟ್ಟೆ ಕೊಟ್ಟು, ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಸಾಲು. ಸೀಟಿನ ಕೆಲಸಕ್ಕೆ ಹಾಕಿದ್ದ ದಪ್ಪ ಸೂಜಿಯನ್ನು ಅಣ್ಣ ತಾವಾಗೇ ತೆಗೆದು ಸಣ್ಣದು ಹಾಕಿದರು. ದಪ್ಪ ಸೂಜಿ ತೆಳು ಬಟ್ಟೆಯಲ್ಲಿ ದೊಡ್ಡ ತೂತು ಮಾಡುತ್ತದೆ, ಸಾಲು ತೂತಾದರೆ ಅಲ್ಲೇ ಹರಿಯುತ್ತದೆ. ಪಟ್ಟಿಯೊಳಗಿನ ಫೋಮು ನೀರು ಕುಡಿಯದ ಇವಿಎ ಫೋಮು. ಸೋಫಾಗೆ ಹಾಕುವ ಸ್ಪಂಜು ಹಾಕಿಸಿದರೆ ಒಂದು ಮಳೆಗೇ ಒದ್ದೆ ಬಟ್ಟೆ ಹೆಗಲ ಮೇಲೆ ಹೊತ್ತ ಹಾಗೆ.

ಹೊರಗಿನ ಜೇಬಿನ ವಿಷಯದಲ್ಲಿ ಮಾತ್ರ ನಾನು ಹೊರದೇಶದ ಬ್ಯಾಗುಗಳ ದಾರಿ ಬಿಟ್ಟೆ. ಅವುಗಳಲ್ಲಿ ಎಳೆದರೆ ಹಿಗ್ಗುವ ಬಲೆಯ ಜೇಬು ಇರುತ್ತದೆ. ಹುಲ್ಲುಗಾವಲಿಗೆ ಚೆನ್ನಾಗಿರಬಹುದು. ನಮ್ಮ ಕಾಡಿನಲ್ಲಿ ಬೆತ್ತ ಇದೆ, ಸೀಗೆ ಇದೆ. ಸೀಗೆ ಮುಳ್ಳು ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿರುತ್ತದೆ, ಬಲೆಗೆ ಸಿಕ್ಕಿದರೆ ಬಿಡಿಸಿಕೊಳ್ಳುವಷ್ಟರಲ್ಲಿ ಬಲೆಯೇ ಇರುವುದಿಲ್ಲ. ಅದಕ್ಕೆ ಎರಡೂ ಪಕ್ಕದ ಜೇಬನ್ನು ಬ್ಯಾಗಿನ ಬಟ್ಟೆಯಲ್ಲೇ ಮಾಡಿಸಿ, ನೀರು ಇಳಿಯೋಕೆ ತಳದಲ್ಲಿ ಒಂದೊಂದು ರಿಂಗ್ ತೂತು ಹಾಕಿಸಿದೆ.

ಮಳೆ ತಡೆಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ತಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಬಟ್ಟೆಗೆ ಏನೇ ಲೇಪ ಇರಲಿ, ಸೂಜಿ ಹೋದ ಕಡೆಯೆಲ್ಲ ತೂತು ಇದ್ದೇ ಇರುತ್ತದೆ. ಗದ್ದೆ ನಾಟಿ ಮಾಡುವವರು ಬೆನ್ನ ಮೇಲೆ ಗೊರಬು ಹಾಕಿಕೊಳ್ಳುತ್ತಿದ್ದರಲ್ಲ, ಅದು ಹೊರಗಿನಿಂದ ಮಳೆ ತಡೆಯುತ್ತಿತ್ತು. ನಾನು ಒಳಗಿನಿಂದ ತಡೆಯುತ್ತೇನೆ. ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಕೊಟ್ಟೆ ಬ್ಯಾಗಿನ ಒಳಗೆ ಇಳಿಬಿಟ್ಟು, ಬಟ್ಟೆಬರೆ ಎಲ್ಲ ಅದರಲ್ಲಿ ಹಾಕಿ ಬಾಯಿ ತಿರುಚಿ ಒಳಗೆ ಸಿಕ್ಕಿಸುವುದು. ಹೊರಗಡೆ ಬ್ಯಾಗ್ ತೊಪ್ಪೆಯಾದರೂ ಸ್ವೆಟರ್ ಬೆಚ್ಚಗೆ ಒಣಗಿಯೇ ಇರುತ್ತದೆ. ಮನೆಗೆ ಬಂದ ಮೇಲೆ ನೆರಳಲ್ಲಿ ಪೂರ್ತಿ ಒಣಗಿಸಿ. ಈ ಬಟ್ಟೆಗಳ ಒಳಮೈಗೆ ಪಾಲಿಯುರೆಥೇನ್ ಲೇಪ ಇರುತ್ತದೆ, ತೇವದಲ್ಲಿ ಬಹಳ ದಿನ ಇದ್ದರೆ ಅದು ಅಂಟಂಟಾಗಿ ಸಿಪ್ಪೆ ಏಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗೆ ಮಡಚಿಟ್ಟರೆ ಬೂಷ್ಟೂ ಗ್ಯಾರಂಟಿ. ಬಿಡಿಸಿ, ಗಾಳಿಯಾಡುವ ಕಡೆ ತೂಗುಹಾಕಿ.

ಖರ್ಚು. ಬಟ್ಟೆ, ಪಟ್ಟಿ, ಕ್ಲಿಪ್, ಫೋಮು, ದಾರ ಎಲ್ಲ ಸೇರಿ 1540 ರೂಪಾಯಿ. ಕೂಲಿ 1200. ಒಟ್ಟು 2740. ಅಣ್ಣ 800 ಸಾಕು ಅಂದಿದ್ದರು, ಎರಡು ದಿನದ ಕೆಲಸ ಅದು, ಮಾದರಿ ಬೇರೆ ಮಾಡಿದ್ದಾರೆ, ನಾನು ಒಪ್ಪಲಿಲ್ಲ. ನೀವೂ ಚೌಕಾಸಿ ಮಾಡಬೇಡಿ. ಬ್ಯಾಗಿನ ತೂಕ 640 ಗ್ರಾಂ. ಅದು ಈಗ ಮೂರನೇ ಮಳೆಗಾಲ ನೋಡುತ್ತಿದೆ, ಒಂದು ಕ್ಲಿಪ್ ಒಡೆದಿದ್ದು ಬಿಟ್ಟರೆ ರಿಪೇರಿ ಅಂತ ಏನೂ ಬಂದಿಲ್ಲ.

ಹೋಗುವುದಾದರೆ ದಸರಾ ಹತ್ತಿರ ಹೋಗಬೇಡಿ. ಆಯುಧಪೂಜೆಗೆ ಗಾಡಿಗಳ ಸೀಟೆಲ್ಲ ಹೊಸದು ಮಾಡಿಸುವ ಸಮಯ, ಅವರಿಗೆ ಉಸಿರಾಡೋಕೂ ಬಿಡುವಿರಲ್ಲ. ಆಷಾಢದಲ್ಲಿ ಹೋಗಿ. ನನ್ನ ಅಕ್ಕನ ಮಗಳ ಬ್ಯಾಗ್ ಈ ಆಷಾಢಕ್ಕೆ ಹೇಳಿಟ್ಟಿದ್ದೇನೆ, ಅವಳ ಬೆನ್ನು 14 ಇಂಚು. ಹೋದ ವಾರ ಅಳತೆ ಕೊಡೋಕೆ ಹೋದಾಗ ಅಣ್ಣ ಅಕ್ಕಿ ಚೀಲ ಎತ್ತಿಟ್ಟಿದ್ದನ್ನು ತೋರಿಸಿದರು.