ಮೀಟರ್ ನೋಡಿ ಕಿಟಕಿ ತೆಗೆಯಿರಿ

ಕೊಪ್ಪದ ಹತ್ತಿರದ ಒಂದು ಹಳೆಯ ತೊಟ್ಟಿಮನೆಯ ಸಾಮಾನು ಕಾಪಾಡುವುದು ನನ್ನ ಕೆಲಸ. ಅಲ್ಲೀಗ ಯಾರೂ ವಾಸವಿಲ್ಲ, ಜನ ಬಂದು ನೋಡಲಿ ಅಂತ ಮನೆಯವರು ಹಾಗೇ ಉಳಿಸಿಕೊಂಡಿದ್ದಾರೆ. ಮಣ್ಣಿನ ಗೋಡೆ, ಹಲಸಿನ ಕಂಬ, ಭತ್ತ ತುಂಬಿಡುವ ಪತ್ತಾಯ, ಹಿತ್ತಾಳೆ ಪಾತ್ರೆಗಳು, ಒಂದು ಪೆಟ್ಟಿಗೆ ಕಡತ, ಅಂದರೆ ಬಟ್ಟೆಯಲ್ಲಿ ಮಾಡಿದ ಹಳೆಯ ಲೆಕ್ಕದ ಪುಸ್ತಕಗಳು. ಗೆದ್ದಲು, ಇಲಿ ಎಲ್ಲಾ ಆಮೇಲೆ. ಮಲೆನಾಡಿನಲ್ಲಿ ಮೊದಲ ಶತ್ರು ತೇವ.

ಗಾಳಿಯ ತೇವಾಂಶ ಶೇ 70 ದಾಟಿ ಅಲ್ಲೇ ನಿಂತರೆ ಬೂಷ್ಟು ಹಿಡಿಯುತ್ತದೆ. ಆರಿದ್ರೆ ಮಳೆ ಹಿಡಿದ ಮೇಲೆ ನಮ್ಮಲ್ಲಿ ವಾರಗಟ್ಟಲೆ ಅದಕ್ಕಿಂತ ಕೆಳಗಿಳಿಯುವುದೇ ಇಲ್ಲ. "ಮುಗ್ಗಲು ವಾಸನೆ ಬರ್ತಿದೆ, ಕಿಟಕಿ ತೆಗೀರಿ ಮಾರಾಯ್ರೇ" ಅನ್ನುತ್ತಾರೆ ಮನೆಯ ಅಜ್ಜಿ. ಅವರ ಕಾಲಕ್ಕೆ ಅದು ಸರಿಯೇ. ಆಗ ದಿನವಿಡೀ ಒಲೆ ಉರಿಯುತ್ತಿತ್ತು, ಹೊಗೆ ಅಟ್ಟಕ್ಕೇರಿ ಮರವನ್ನು ಒಣಗಿಸುತ್ತಿತ್ತು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಒಲೆಯಿಲ್ಲ. ಮಳೆ ಹೊಳವಾಯಿತು ಅಂತ ಕಿಟಕಿ ತೆಗೆದರೆ ಹೊರಗಿನ ಬೆಚ್ಚನೆಯ ಒದ್ದೆ ಗಾಳಿ ಒಳಗಿನ ತಣ್ಣನೆ ಗೋಡೆಗೆ ತಾಗಿ, ಕಪಾಟಿನ ಹಿಂದೆ ನೀರು ಬೆವರುತ್ತದೆ. ಅದಕ್ಕೇ ಜಗಲಿಯಲ್ಲೊಂದು, ನಡುಮನೆಯಲ್ಲೊಂದು ತೇವಾಂಶದ ಮೀಟರ್ ಇಟ್ಟಿದ್ದೇನೆ. ಶೇಕಡಾವಾರು ಮಾತ್ರ ನೋಡಿದರೆ ಸಾಲದು, ಉಷ್ಣಾಂಶವನ್ನೂ ಸೇರಿಸಿ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ನೀರಾಗಿ ಇಳಿಯುವ ಉಷ್ಣಾಂಶ, ಲೆಕ್ಕ ಹಾಕಬೇಕು. ಹೊರಗಿನದು ಒಳಗಿನದಕ್ಕಿಂತ ಕಡಿಮೆಯಿದ್ದರೆ ಮಾತ್ರ ಕಿಟಕಿ ತೆಗೆಯುವುದು. ಕಪಾಟು, ಪೆಟ್ಟಿಗೆ ಎಲ್ಲ ಗೋಡೆಯಿಂದ ನಾಲ್ಕು ಬೆರಳು ಈಚೆಗಿರಲಿ.

ಕಡತದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಶೃಂಗೇರಿ ಮಠದ ಎಷ್ಟೋ ಹಳೆಯ ದಾಖಲೆಗಳು ಉಳಿದಿರುವುದೂ ಇಂಥ ಕಡತಗಳಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಆ ಅಂಟು ಹುಳಕ್ಕೆ ಊಟ. ತೇವ ಕುಡಿದರೆ ಮೆತ್ತಗಾಗಿ ಮಡಿಕೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ನಮ್ಮಲ್ಲಿರುವ ಒಂದರಲ್ಲಿ ಅಡಿಕೆ, ಭತ್ತದ ಲೆಕ್ಕವಿದೆ. ಮಡಿಕೆಯ ಅಂಚಿನಲ್ಲಿ ಕಪ್ಪು ಲೇಪ ಬಿರಿದು ನೂಲು ಕಾಣುತ್ತಿದೆ, ಅಲ್ಲಿದ್ದ ಅಂಕಿ ಹೋಗಿಬಿಟ್ಟಿದೆ. ಉಳಿದ ಅಕ್ಷರಗಳು ಮೇಲ್ಮೈಯಲ್ಲಿ ಕೂತಿರುವ ಬಳಪದ ಪುಡಿ, ಅಷ್ಟೇ. ಮನೆಯ ಸೊಸೆ ಧೂಳು ಒರೆಸೋಣ ಅಂತ ಪ್ರೀತಿಯಿಂದ ಒದ್ದೆ ಬಟ್ಟೆ ತಂದಾಗ "ಅಕ್ಕ, ಮುಟ್ಟಬೇಡಿ" ಅಂದೆ. ಒಂದು ಸಲ ಒರೆಸಿದರೆ ಆ ವರ್ಷದ ಲೆಕ್ಕವೇ ಅಳಿಸಿಹೋಗುತ್ತದೆ.

ಹಿತ್ತಾಳೆ ಪಾತ್ರೆಗೂ ಹುಣಸೆಹಣ್ಣು ಬೇಡ. ತಿಕ್ಕಿದಷ್ಟೂ ಲೋಹ ಸವೆಯುತ್ತದೆ, ಪಾತ್ರೆಯ ಮೇಲೆ ಕೆತ್ತಿಸಿದ ಮುತ್ತಜ್ಜಿಯರ ಹೆಸರೂ ಸವೆಯುತ್ತದೆ. ಕಂಬದಲ್ಲಿ ತೂತು ಕಂಡ ಕೂಡಲೇ ಔಷಧಿ ಹೊಡೆಯುವುದೂ ಬೇಡ, ಎಷ್ಟೋ ತೂತು ಹಳೆಯವು. ಬುಡದಲ್ಲಿ ಕಪ್ಪು ಕಾಗದ ಹಾಸಿಡಿ, ಹೊಸ ಹುಡಿ ಬಿದ್ದರೆ ಮಾತ್ರ ಒಳಗೆ ಹುಳ ಇರಬಹುದು.

ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಕಡತಗಳ ಫೋಟೊ ತೆಗೆಯುತ್ತೇವೆ, ಸಲೀಸಾಗಿ ಬಿಚ್ಚಿಕೊಳ್ಳುವ ಮಡಿಕೆಗಳದ್ದು ಮಾತ್ರ. ಅಂಟಿಕೊಂಡವು ಸಂರಕ್ಷಣೆ ಕಲಿತವರು ಬರುವ ತನಕ ಹಾಗೇ ಇರುತ್ತವೆ.