ಗುಳ್ಳದ ವರ್ಷದ ಕಾಂಪೊಸಿಷನ್ ಕ್ಲಾಸು

2009ರ ಅಕ್ಟೋಬರಿನಲ್ಲಿ ಬಿಟಿ ಬದನೆಗೆ, ಅಂದರೆ ಕಾಯಿ ಕೊರೆಯುವ ಹುಳವನ್ನು ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬದನೆಗೆ, ಕೇಂದ್ರದ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತು. ನಾವಾಗ ಬಿ.ಎ. ಎರಡನೇ ವರ್ಷದಲ್ಲಿದ್ದೆವು. ಉಡುಪಿಯ ಸುತ್ತಮುತ್ತ ಆ ಸುದ್ದಿಯ ಬಿಸಿ ಸ್ವಲ್ಪ ಜಾಸ್ತಿಯೇ ಇತ್ತು. ಕಾರಣ ಮಟ್ಟುಗುಳ್ಳ, ಉಡುಪಿ ಹತ್ತಿರದ ಮಟ್ಟು ಊರಿನ ಬದನೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ಜೀನ್ ಸೇರಿಸಿದ್ದ ಸ್ಥಳೀಯ ತಳಿಗಳಲ್ಲಿ ಉಡುಪಿಯ ಬದನೆಯೂ ಒಂದು. ನಮ್ಮ ಕ್ಲಾಸಿನಲ್ಲಿ ಮಟ್ಟುವಿನಿಂದ ಬರುತ್ತಿದ್ದ ಗೆಳೆಯನೊಬ್ಬನಿದ್ದ. ಭತ್ತದ ಕೊಯ್ಲು ಮುಗಿದ ಮೇಲೆ ಅವನ ಮನೆಯ ಗದ್ದೆಯಲ್ಲಿ ಗುಳ್ಳವೇ ಬೆಳೆ.

ಇಂಗ್ಲಿಷ್ ಕಾಂಪೊಸಿಷನ್ ಪೀರಿಯಡ್ ಅಂದರೆ ಅಲ್ಲಿಯವರೆಗೆ ರಜಾ ಅರ್ಜಿ, ಸಂಪಾದಕರಿಗೆ ಪತ್ರ, ‘ವಿಜ್ಞಾನ ವರವೋ ಶಾಪವೋ’ ಎಂಬ ಪ್ರಬಂಧ. ವರ ಅಂತ ಅರ್ಧ ಪುಟ, ಶಾಪ ಅಂತ ಅರ್ಧ ಪುಟ, ಕೊನೆಗೆ ‘ಎಲ್ಲವೂ ಬಳಸುವವರ ಕೈಯಲ್ಲಿದೆ’ ಅಂತ ಬರೆದರೆ ಮುಗಿಯಿತು. ಮೇಡಂ ಅದನ್ನು ನಿಲ್ಲಿಸಿದರು. ಬದನೆಯ ಬಗ್ಗೆ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಏನೇ ಬಂದಿದ್ದರೂ ತನ್ನಿ ಅಂದರು. ಲೈಬ್ರರಿಯ ಪೇಪರ್ ಕತ್ತರಿಸುವ ಹಾಗಿರಲಿಲ್ಲ, ಜೆರಾಕ್ಸ್ ಮಾಡಿಸಿದೆವು. ಲೇಖನ, ಓದುಗರ ಪತ್ರ, ಕರಪತ್ರ, ಕೃಷಿ ವಿಜ್ಞಾನಿಗಳ ಬರಹ, ಎಲ್ಲ ಬಂತು.

ಪ್ರತಿಯೊಂದಕ್ಕೂ ಕೇಳಬೇಕಾದದ್ದು ಇಷ್ಟೇ. ಇವರು ಏನು ಹೇಳುತ್ತಿದ್ದಾರೆ? ಅದಕ್ಕೆ ಏನು ಆಧಾರ ಕೊಟ್ಟಿದ್ದಾರೆ? ಆ ಆಧಾರದಿಂದ ಆ ಮಾತಿಗೆ ಬರಬೇಕಾದರೆ ನಾವು ಏನನ್ನು ಒಪ್ಪಿಕೊಂಡಿರಬೇಕು? ಕಷ್ಟ ಇರುವುದು ಕೊನೆಯ ಪ್ರಶ್ನೆಯಲ್ಲಿ. ಅದನ್ನು ಬರೆದವರು ಸಾಮಾನ್ಯವಾಗಿ ಹೇಳಿರುವುದಿಲ್ಲ. ಸ್ಟೀಫನ್ ಟೂಲ್ಮಿನ್ ಎಂಬ ಬ್ರಿಟಿಷ್ ಚಿಂತಕರು 1958ರಲ್ಲಿ ವಾದಗಳನ್ನು ಹೀಗೆ ಬಿಡಿಸಿ ನೋಡುವ ಕ್ರಮ ತೋರಿಸಿಕೊಟ್ಟರಂತೆ. ಮೇಡಂ ಅವರ ಹೆಸರನ್ನು ಒಂದು ಸಲ ಹೇಳಿ ಬಿಟ್ಟರು. ಆಮೇಲೆ ಕ್ಲಾಸಿನಲ್ಲಿ ಅದು ಬರೀ ‘ಕೊಂಡಿ’. ‘ಕೊಂಡಿ ಎಲ್ಲಿದೆ, ತೋರಿಸು’ ಅನ್ನುತ್ತಿದ್ದರು.

ಒಂದು ಉದಾಹರಣೆ ನನಗೆ ಈಗಲೂ ಸ್ಪಷ್ಟವಾಗಿ ನೆನಪಿದೆ. ಬಿಟಿ ಎಂಬುದು ಮಣ್ಣಿನಲ್ಲೇ ಇರುವ ಬ್ಯಾಕ್ಟೀರಿಯಾ, ಸಾವಯವ ಕೃಷಿಕರೂ ಅದನ್ನು ಹುಳಕ್ಕೆ ಸಿಂಪಡಿಸುತ್ತಾರೆ, ಆದ್ದರಿಂದ ಬಿಟಿ ಬದನೆಗೆ ಹೆದರಬೇಕಾಗಿಲ್ಲ ಎಂಬ ವಾದ. ಓದಿದ ಕೂಡಲೇ ಹೌದಲ್ವಾ ಅನಿಸುತ್ತದೆ. ಇಲ್ಲಿ ಕೊಂಡಿ ಯಾವುದು? ಎಲೆಯ ಮೇಲೆ ಬಿದ್ದದ್ದೂ ಗಿಡದ ಒಳಗೇ ಹುಟ್ಟುವುದೂ ಒಂದೇ ಎಂಬ ನಂಬಿಕೆ. ಸಿಂಪಡಿಸಿದ್ದು ಬಿಸಿಲಿಗೆ ಕೆಲವೇ ದಿನಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಬಿಟಿ ಗಿಡವಾದರೆ ಆ ಪ್ರೋಟೀನನ್ನು ತಾನೇ ಮಾಡಿಕೊಳ್ಳುತ್ತಾ ಇರುತ್ತದೆ, ಕಾಯಿಯಲ್ಲೂ. ಎರಡೂ ಒಂದೇ ಅನ್ನುವುದಾದರೆ ಅದಕ್ಕೆ ಬೇರೆ ಆಧಾರ ಬೇಕು. ಆ ಲೇಖನದಲ್ಲಿ ಅದು ಇರಲಿಲ್ಲ. ನಾವು ಗೆದ್ದವರ ಹಾಗೆ ಗಲಾಟೆ ಎಬ್ಬಿಸಿದಾಗ ಮೇಡಂ ತಡೆದರು. ‘ಈ ವಾದ ಸೋತಿತು, ಬದನೆ ಸೋಲಲಿಲ್ಲ. ಸುರಕ್ಷಿತ ಅಲ್ಲ ಅಂತ ನೀವೇನೂ ತೋರಿಸಿಲ್ಲ.’

ಮರುವಾರ ನಮ್ಮ ಕಡೆಯ ಸರದಿ. ನಮ್ಮ ಕಡೆ ಅಂದೆ, ಯಾಕೆಂದರೆ ಕ್ಲಾಸಿನಲ್ಲಿ ಹೆಚ್ಚಿನವರು ಬಿಟಿ ಬೇಡ ಅನ್ನುವವರೇ. ಪರೀಕ್ಷೆಗಳನ್ನು ಮಾಡಿಸಿದ್ದು ಬೀಜದ ಕಂಪನಿಯೇ, ಹಾಗಾಗಿ ಆ ಫಲಿತಾಂಶ ಸುಳ್ಳು ಎಂದು ಒಂದು ಬರಹದಲ್ಲಿತ್ತು. ಅದೇ ಪ್ರಶ್ನೆ ಬಂತು. ಲಾಭ ಇರುವವರು ಮಾಡಿಸಿದ ಪರೀಕ್ಷೆಯನ್ನು ಅನುಮಾನಿಸಬಹುದು, ಬೇರೆಯವರೂ ಪರೀಕ್ಷಿಸಲಿ ಎಂದು ಒತ್ತಾಯಿಸಬಹುದು. ಸುಳ್ಳು ಅನ್ನಲು ಮಾತ್ರ ಪರೀಕ್ಷೆಯ ಒಳಗೇ ಹೋಗಿ ನೋಡಬೇಕು. ನಮಗೆ ಇಷ್ಟವಾದ ಬರಹವನ್ನು ಹೀಗೆ ಬಿಡಿಸುವಾಗ ನಿಜವಾಗಿಯೂ ನೋವಾಗುತ್ತಿತ್ತು. ಎದುರಿನವರ ಲೇಖನದಲ್ಲಿ ತೂತು ಹುಡುಕುವುದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಮೇಡಂ ಕಲಿಸಿದ್ದು ಇದನ್ನು. ಅದಕ್ಕೇ ನಾನು ಅವರಿಗೆ ಋಣಿ.

ಗೆಳೆಯನ ವಿಷಯ ಹೇಳಲೇಬೇಕು. ಅವನ ವಾದ ಒಂದೇ ಸಾಲಿನದು: ಗುಳ್ಳ ವಾದಿರಾಜ ಗುರುಗಳು ಕೊಟ್ಟ ಬೀಜ, ಅದನ್ನು ಮುಟ್ಟಬಾರದು. ‘ನಂಬಿಕೆ ಇರಲಿ ಮಾರಾಯ,’ ಅಂದರು ಮೇಡಂ, ‘ನಂಬದವನೊಬ್ಬ ಮುಂದೆ ಕೂತಿದ್ದಾನೆ ಅಂತ ಇಟ್ಟುಕೋ. ಅವನಿಗೆ ಏನು ಹೇಳುತ್ತಿ?’ ಅವನು ಬಹಳ ದಿನ ಏನೂ ಬರೆಯಲಿಲ್ಲ. ಆಮೇಲೆ ತಂದ ಪ್ರಬಂಧ ನಮ್ಮೆಲ್ಲರದ್ದಕ್ಕಿಂತ ಚೆನ್ನಾಗಿತ್ತು. ಗುಳ್ಳಕ್ಕೆ ಬೆಲೆ ಬರುವುದು ಇದೇ ಮಣ್ಣು, ಇದೇ ಬೀಜ ಎಂದು ಕೊಳ್ಳುವವರು ನಂಬುವುದರಿಂದ. ಬದನೆ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದರೂ ಜೇನು ದುಂಬಿಗಳಿಂದ ಸ್ವಲ್ಪ ಮಟ್ಟಿಗೆ ಬೇರೆ ಗಿಡದ ಪರಾಗವೂ ಸೇರುತ್ತದೆ. ಪಕ್ಕದ ಗದ್ದೆಯವರು ಬಿಟಿ ಹಾಕಿ, ನಮ್ಮ ಬೀಜ ಬೆರೆತುಹೋದರೆ ಆ ನಷ್ಟಕ್ಕೆ ಯಾರು ಹೊಣೆ? ಹೀಗೆ ಕೇಳಿದ್ದ. ಜೊತೆಗೆ, ಕಾಯಿ ಕೊರೆಯುವ ಹುಳ ತನ್ನ ಅಪ್ಪನನ್ನು ಎಷ್ಟು ಕಾಡುತ್ತದೆ, ಆ ಹುಳಕ್ಕೆ ಹೊಡೆಯುವ ಔಷಧಿ ಎಷ್ಟು ಕೆಟ್ಟದ್ದು ಎಂಬುದನ್ನೂ ಬರೆದಿದ್ದ. ಎದುರು ಪಕ್ಷದವರ ದೊಡ್ಡ ವಾದ ಅದೇ. ಅವನು ಅದನ್ನು ಮುಚ್ಚಿಡಲಿಲ್ಲ.

ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಹಲವು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಬೆಂಗಳೂರಿನ ಸಭೆ 2010ರ ಫೆಬ್ರುವರಿ 6ರಂದು. 9ರಂದು ಬಿಟಿ ಬದನೆಗೆ ತಡೆ ಬಿತ್ತು. ಊರಲ್ಲಿ ಸಂಭ್ರಮ. ಮೇಡಂ ಮಾತ್ರ ಸಚಿವರ ತೀರ್ಮಾನದ ಟಿಪ್ಪಣಿಯನ್ನು ಪ್ರಿಂಟ್ ತೆಗೆಸಿ ತಂದರು. ಅದರಲ್ಲಿ ಬಿಟಿ ಬದನೆ ವಿಷ ಅಂತ ಎಲ್ಲೂ ಇಲ್ಲ. ಶಾಶ್ವತ ನಿಷೇಧವೂ ಅಲ್ಲ. ಸ್ವತಂತ್ರ ಅಧ್ಯಯನಗಳು ಜನರಿಗೂ ವಿಜ್ಞಾನಿಗಳಿಗೂ ಸಮಾಧಾನವಾಗುವ ಹಾಗೆ ಸುರಕ್ಷತೆಯನ್ನು ತೋರಿಸುವವರೆಗೆ ತಡೆ, ಅಷ್ಟೇ. ತನ್ನ ಹತ್ತಿರ ಇರುವ ಆಧಾರ ಎಷ್ಟು ದೂರ ಹೋಗುತ್ತದೋ ಅಷ್ಟೇ ಹೇಳುವ ಬರಹ ಹೇಗಿರುತ್ತದೆ ಎಂದು ನಾನು ನೋಡಿದ್ದು ಅಲ್ಲಿಯೇ. ಆ ತೀರ್ಮಾನ ಸರಿಯೇ ಎಂಬ ಚರ್ಚೆ ಇವತ್ತಿಗೂ ಇದೆ. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು, ಅಲ್ಲಿ ರೈತರು ಬೆಳೆಯುತ್ತಿದ್ದಾರೆ. ಮಟ್ಟುಗುಳ್ಳಕ್ಕೆ ಆಮೇಲೆ ಜಿಐ ಮಾನ್ಯತೆ, ಅಂದರೆ ಆ ಊರಿನದೇ ವಿಶೇಷ ಬೆಳೆ ಎಂಬ ಭೌಗೋಳಿಕ ಗುರುತು, ಸಿಕ್ಕಿತು.

ನಾನೀಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಊಟದ ಹೊತ್ತಿಗೆ ಎಐ ಬಗ್ಗೆ ಮಾತು ಬಾರದ ದಿನವಿಲ್ಲ. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗಲೂ ಕೆಲಸ ಹೋಗುತ್ತದೆ ಅಂದಿದ್ದರು, ಹೋಗಲಿಲ್ಲ, ಎಐ ಬಂದರೂ ಹೋಗುವುದಿಲ್ಲ ಎಂದು ಬರೆದದ್ದನ್ನು ಮೊಬೈಲಿನಲ್ಲಿ ಕಳಿಸುತ್ತಾರೆ. ನನಗೆ ಅಂದಿನ ಇನ್ನೊಂದು ಜೆರಾಕ್ಸ್ ನೆನಪಾಗುತ್ತದೆ: 2002ರಲ್ಲಿ ಬಿಟಿ ಹತ್ತಿ ಬಂತು, ಏನೂ ಆಗಲಿಲ್ಲ, ಬದನೆಯೂ ಹಾಗೆಯೇ. ಹತ್ತಿಯೂ ಬದನೆಯೂ ಯಾವ ವಿಷಯದಲ್ಲಿ ಒಂದೇ, ಯಾವುದರಲ್ಲಿ ಬೇರೆ ಎಂದು ಮೇಡಂ ಇಡೀ ಪೀರಿಯಡ್ ಬರೆಸಿದ್ದರು. ಕಂಪ್ಯೂಟರ್, ಎಐ ಬಗ್ಗೆಯೂ ಯಾರಾದರೂ ಹಾಗೆ ಕೂತು ಬರೆಯಬೇಕು.

ಮೇಡಂ ನಿವೃತ್ತರಾದ ಮೇಲೆ ಆ ಚಟುವಟಿಕೆ ನಿಂತಿದೆ ಎಂದು ಕೇಳಿದೆ. ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ. ದಯವಿಟ್ಟು ಮತ್ತೆ ಶುರು ಮಾಡಿ. ಈ ಸಲ ವಿಷಯ ಎಐ ಇರಲಿ. ಪರ ವಿರೋಧದ ಬರಹಗಳನ್ನು ಒಟ್ಟು ಮಾಡಿ ಜೆರಾಕ್ಸ್ ಮಾಡಿಸಿ ತರುವ ಕೆಲಸ ನನಗಿರಲಿ. ಶನಿವಾರ ಕ್ಲಾಸಿದ್ದರೆ ಮಟ್ಟುವಿನ ಗೆಳೆಯನೂ ಬರುತ್ತೇನೆ ಅಂದಿದ್ದಾನೆ.