ಇಕ್ಕಟ್ಟಿನ ಇಂಜಿನ್ ಗೂಡಿನಲ್ಲಿ ಆಲ್ಟರ್ನೇಟರ್ ಕೂರಿಸುವುದು

ಬಿಡಿಭಾಗ ತಂದು ನಾವೇ ಜೋಡಿಸುವ ಕಿಟ್ ಕಾರಿನ ಬಾನೆಟ್ ಎತ್ತಿದ ಕೂಡಲೇ ಕಣ್ಣು ಖಾಲಿ ಮೂಲೆ ಹುಡುಕುತ್ತದೆ. ಅಲ್ಲೇ ತಪ್ಪು ಶುರುವಾಗುವುದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಜಾಗವನ್ನು ಮೊದಲು ಗೊತ್ತುಮಾಡುವುದು ಬೆಲ್ಟ್ ಓಡುವ ಗೆರೆ, ಆಮೇಲೆ ಅದನ್ನು ಮತ್ತೆ ಬಿಚ್ಚಲು ಬೇಕಾದ ದಾರಿ.

ಬೆಲ್ಟ್ ಓಡಿಸುವ ಇಂಜಿನ್ನಿನ ಕ್ರ್ಯಾಂಕ್ ಪುಲ್ಲಿಗೆ ನೇರ ಪಟ್ಟಿ ಹಿಡಿದು ಗೆರೆ ನೋಡಿ. ಪುಲ್ಲಿಗಳ ಅಂಚು ಹೊಂದಿಸಿದರೆ ಸಾಲದು, ಅಂಚಿನ ದಪ್ಪ ಬೇರೆ ಬೇರೆ ಇರುತ್ತದೆ. ಗ್ರೂವ್‌ನ ನಡುಮಧ್ಯ ಅಳೆಯಬೇಕು. ವ್ಯತ್ಯಾಸ 1 ಮಿ.ಮೀ. ಒಳಗಿರಲಿ. ಹೆಚ್ಚಾದರೆ ಬೆಲ್ಟ್ ಕಿರುಚುತ್ತದೆ, ಒಂದು ಬದಿ ಸವೆಯುತ್ತದೆ. ಆಲ್ಟರ್ನೇಟರ್ ಪುಲ್ಲಿಯನ್ನು ಬೆಲ್ಟ್ ಕನಿಷ್ಠ ಕಾಲು ಸುತ್ತಾದರೂ ತಬ್ಬಿರಬೇಕು, ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿದಾಗ ಜಾರುತ್ತದೆ.

ಅಸಲಿ ಆಲ್ಟರ್ನೇಟರ್ ಎತ್ತಿ ಇಳಿಸಿ ಸುಸ್ತಾಗುವ ಬದಲು, ಅದೇ ಅಳತೆಯ ಮರದ ತುಂಡು ಮಾಡಿಕೊಳ್ಳಿ. ಹಿಂದೆ ಚಾಚಿರುವ ಬಿ ಪ್ಲಸ್ ಸ್ಟಡ್ಡು (ಬ್ಯಾಟರಿಗೆ ಹೋಗುವ ದಪ್ಪ ಕೇಬಲ್ ಕೂರುವ ಬೋಲ್ಟು), ಅದರ ರಬ್ಬರ್ ಟೋಪಿ, ಕೇಬಲ್ ಬಾಗಲು ಬೇಕಾದ ಜಾಗ ಎಲ್ಲವನ್ನೂ ಅದರಲ್ಲಿ ಸೇರಿಸಿ. ಮೌಂಟಿಂಗ್ ರಬ್ಬರಿನ ಮೇಲೆ ಇಂಜಿನ್ ವಾಲಾಡುತ್ತದೆ, ಹಾಗಾಗಿ ಚಾಸಿ ಪೈಪಿಗೂ ಆಲ್ಟರ್ನೇಟರ್‌ಗೂ 20 ಮಿ.ಮೀ. ಬಿಡುವುದು ಒಳ್ಳೆಯದು. ಆಲ್ಟರ್ನೇಟರ್ ವಾಲಲು ಆಧಾರವಾದ ಪಿವಟ್ ಬೋಲ್ಟ್ ಯಾವ ಕಡೆಯಿಂದ ಹೊರಬರುತ್ತದೆ ನೋಡಿದಿರಾ? ಪೈಪು ಅಡ್ಡ ಬಂದರೆ ಮುಂದೊಂದು ದಿನ ಇಂಜಿನ್ನನ್ನೇ ಇಳಿಸಬೇಕಾಗುತ್ತದೆ.

ಜಾಗ ತೀರಾ ಕಡಿಮೆಯಿದ್ದರೆ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಬರುವ ಡೆನ್ಸೊ 40 ಆಂಪಿಯರ್ ಘಟಕ ಸಾಕಾಗಬಹುದು. ಲೆಕ್ಕ ಹಾಕಿ: ಹೆಡ್‌ಲೈಟ್ ಜೋಡಿ 9 ಆಂಪಿಯರ್, ರೇಡಿಯೇಟರ್ ಫ್ಯಾನ್ 10ರಿಂದ 15, ಪೆಟ್ರೋಲ್ ಪಂಪ್ 5, ಇಗ್ನಿಷನ್ ಇನ್ನೊಂದು 5. ಹೀಟರ್ ಬ್ಲೋವರ್ ಇದ್ದರೆ ಇದಕ್ಕಿಂತ ದೊಡ್ಡದೇ ಬೇಕು. ಐಡ್ಲಿಂಗ್‌ನಲ್ಲಿ ಪೂರ್ತಿ ಆಂಪಿಯರ್ ಸಿಗುವುದಿಲ್ಲ ಅನ್ನುವುದೂ ನೆನಪಿರಲಿ. ಆಲ್ಟರ್ನೇಟರ್ ಮುಖವನ್ನು ಹಿಂದಕ್ಕೆ ತಿರುಗಿಸಿ ಕೂರಿಸಿದರೆ ಚಾರ್ಜ್ ಆಗುತ್ತದೆ, ಆದರೆ ಓರೆ ರೆಕ್ಕೆಯ ಫ್ಯಾನ್ ಉಲ್ಟಾ ಸುತ್ತಿ ಗಾಳಿ ಸರಿಯಾಗಿ ಎಳೆಯದೆ, ಒಳಗೆ ಕರೆಂಟನ್ನು ಡಿಸಿ ಮಾಡುವ ಡಯೋಡ್ ಸುಡುತ್ತದೆ.

ಬ್ರಾಕೆಟ್ಟನ್ನು ಚಾಸಿಗಲ್ಲ, ಇಂಜಿನ್‌ಗೇ ಕಟ್ಟಬೇಕು. 6ರಿಂದ 8 ಮಿ.ಮೀ. ಉಕ್ಕಿನ ಪ್ಲೇಟು ಸಾಕು. ತೆಳು ತಗಡು ಕಂಪನಕ್ಕೆ ವೆಲ್ಡಿನ ಪಕ್ಕದಲ್ಲೇ ಸೀಳುತ್ತದೆ. ಆಲ್ಟರ್ನೇಟರ್ ಕಿವಿಗಳಿಗೂ (ಬೋಲ್ಟ್ ತೂರುವ ಚಾಚುಗಳು) ಬ್ರಾಕೆಟ್ಟಿಗೂ ನಡುವೆ ಸಂದಿ ಉಳಿದಿದ್ದರೆ ವಾಷರ್ ತುಂಬಿ. ಸಂದಿ ಬಿಟ್ಟು ಬೋಲ್ಟ್ ಬಿಗಿದರೆ ಅಲ್ಯೂಮಿನಿಯಂ ಕಿವಿ ಮುರಿಯುತ್ತದೆ. ಎಗ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲಿದ್ದರೆ ನಡುವೆ ತಗಡಿನ ಮರೆ ಬೇಕು, ಎರಡೂ ಬದಿ ಗಾಳಿ ಆಡುವಂತೆ.

ವೈರಿಂಗ್‌ಗೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. 60 ಆಂಪಿಯರ್‌ವರೆಗೆ ಬಿ ಪ್ಲಸ್‌ನಿಂದ ಬ್ಯಾಟರಿಗೆ 16 ಚದರ ಮಿ.ಮೀ. ಕೇಬಲ್ ಎಳೆದು, ಬ್ಯಾಟರಿ ತುದಿಯಲ್ಲೇ ಫ್ಯೂಸ್ ಹಾಕಿ. ಫೈಬರ್ ಬಾಡಿಯಲ್ಲಿ ಅರ್ತ್ ಹರಿಯುವುದಿಲ್ಲ, ಪೌಡರ್ ಕೋಟಿಂಗ್ ಮಾಡಿದ ಚಾಸಿಯಲ್ಲಿ ಬಣ್ಣವೇ ಅಡ್ಡಿ. ಲೋಹ ಹೊಳೆಯುವಷ್ಟು ಉಜ್ಜಿ, ಇಂಜಿನ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ದಪ್ಪ ಪಟ್ಟಿ ಕೊಡಿ.

ಎಷ್ಟೋ ಜನ ಎಡವುವುದು ಚಾರ್ಜಿಂಗ್ ವಾರ್ನಿಂಗ್ ದೀಪದಲ್ಲಿ. ಡಿ ಪ್ಲಸ್ (ಈ ದೀಪದ ವೈರ್ ಸೇರುವ ತುದಿ) ಇರುವ ಆಲ್ಟರ್ನೇಟರ್ ಎಚ್ಚರಗೊಳ್ಳುವುದೇ ಆ 2.2 ವ್ಯಾಟ್ ಬಲ್ಬಿನ ಕರೆಂಟಿನಿಂದ. ಅಲ್ಲಿ ಎಲ್‌ಇಡಿ ಹಾಕಿದ್ದರೆ ಕರೆಂಟ್ ಸಾಲದು. ಎಲ್‌ಇಡಿಗೆ ಸಮಾನಾಂತರವಾಗಿ ಸುಮಾರು 50 ಓಮ್, 5 ವ್ಯಾಟ್ ರೆಸಿಸ್ಟರ್ ಸೇರಿಸಿ.

ಬೆಲ್ಟಿನ ಬಿಗಿ: 300 ಮಿ.ಮೀ. ಉದ್ದದ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ 10 ಮಿ.ಮೀ. ಬಗ್ಗಬೇಕು. ಇಂಜಿನ್ 2000 ಆರ್‌ಪಿಎಂನಲ್ಲಿ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.5 ವೋಲ್ಟ್ ಬರಬೇಕು. ಅರ್ಧ ಗಂಟೆ ಓಡಿಸಿ, ತಣ್ಣಗಾದ ಮೇಲೆ ಹೊಸ ಬೆಲ್ಟನ್ನು ಮತ್ತೊಮ್ಮೆ ಬಿಗಿ ಮಾಡಿ.